ಸಾಲ ಕೇಳದವನಿಗೂ ಸ್ಕೋರಿನ ಜ್ವರ!

"ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ದಾವಣಗೆರೆಯ ಪೇಟೆಗೆ ಹೊಸದಲ್ಲ. ಉದ್ರಿ ಕೊಟ್ಟು ಕೈ ಸುಟ್ಟುಕೊಂಡ ವ್ಯಾಪಾರಿಗಳು ಬರೆಸಿ ತೂಗುಹಾಕಿದ್ದು ಅದು. ಈಗ ಅದೇ ವ್ಯಾಪಾರಿಗಳ ಜೇಬಿನಲ್ಲಿ ಬ್ಯಾಂಕಿನ ಉದ್ರಿ ಬಂದು ಕೂತಿದೆ. ಹೆಸರು ಕ್ರೆಡಿಟ್ ಕಾರ್ಡು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶ ಸಿಕ್ಕ ಮೇಲಂತೂ ಬಸ್ ಸ್ಟ್ಯಾಂಡಿನ ಚಹಾಕ್ಕೂ ಸಾಲ, ಮಂಡಕ್ಕಿ-ಮಿರ್ಚಿಗೂ ಸಾಲ!

ಸಾಲದ ಬೆನ್ನಿಗೇ ಇನ್ನೊಂದು ಜ್ವರ ಹಬ್ಬಿದೆ. ಅದು 'ಸಿಬಿಲ್ ಸ್ಕೋರ್' ಜ್ವರ. ದಿನಾ ಬೆಳಿಗ್ಗೆ ಮೊಬೈಲ್ ತೆಗೆದು ಅಂಕ ನೋಡುವುದು, ಹತ್ತು ಅಂಕ ಇಳಿದರೆ ನಿದ್ದೆ ಕೆಡಿಸಿಕೊಳ್ಳುವುದು. "ಲಿಮಿಟ್ಟಿನ ನೂರಕ್ಕೆ ಮೂವತ್ತರ ಮೇಲೆ ಖರ್ಚು ಮಾಡಬ್ಯಾಡ್ರೀ, ಸ್ಕೋರ್ ಬಿದ್ದು ಹೋಗ್ತದೆ" ಎಂದು ಹರಿಹರದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿದ್ದೇ ವೇದವಾಕ್ಯ. ಮನೆ ಕಟ್ಟಿಸುವ ಯೋಚನೆ ಇಲ್ಲ, ಗಾಡಿ ಕೊಳ್ಳುವ ಯೋಚನೆ ಇಲ್ಲ, ಹೊಸ ಸಾಲ ಬೇಕಾಗಿಯೇ ಇಲ್ಲ. ಅಂಥವರಿಗೂ ಈ ಚಿಂತೆ ಯಾಕೆ ಸ್ವಾಮಿ?

ಏನಿದು ಮೂವತ್ತರ ಲೆಕ್ಕ?

ವಿಷಯ ಸರಳ. ಕಾರ್ಡಿನ ಮಿತಿ 50,000 ರೂಪಾಯಿ, ಬಾಕಿ 40,000 ಅನ್ನಿ. ಮಿತಿಯಲ್ಲಿ ನೂರಕ್ಕೆ 80 ಬಳಸಿದಂತಾಯಿತು. ಬಾಕಿ 15,000 ಇದ್ದರೆ ನೂರಕ್ಕೆ 30. ಸ್ಕೋರು 300ರಿಂದ 900ರವರೆಗೆ ಇರುತ್ತದೆ. ಬಳಕೆ ಮಿತಿಗೆ ತಾಗಿಕೊಂಡಿದ್ದರೆ "ಈತನಿಗೆ ಕೈ ಬಿಗಿಯಾಗಿದೆ" ಎಂದು ಲೆಕ್ಕ ಹಾಕುವ ಯಂತ್ರ ಸಂಶಯಪಡುತ್ತದೆ, ಅಂಕ ಇಳಿಸುತ್ತದೆ. ಮೂವತ್ತು ಎಂಬುದು ಬಲ್ಲವರು ಹೇಳುವ ಅಂದಾಜೇ ಹೊರತು ರಿಸರ್ವ್ ಬ್ಯಾಂಕಿನ ಕಾನೂನಲ್ಲ. ಮೂವತ್ತೊಂದಾದರೆ ಯಾರೂ ದಂಡ ಹಾಕುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಂಕು ಲೆಕ್ಕ ಕಳಿಸುವ ದಿನ ಬಾಕಿ ಎಷ್ಟಿತ್ತೋ ಅಷ್ಟೇ ದಾಖಲೆಗೆ ಹೋಗುವುದು. ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ಲೆಕ್ಕ 15 ದಿನಕ್ಕೊಮ್ಮೆಯಾದರೂ ಹೋಗಬೇಕೆಂಬ ನಿಯಮ 2025ರ ಜನವರಿ 1ರಿಂದ ಬಂತು. ಹೀಗಾಗಿ ದೀಪಾವಳಿಗೆ ಮಾಲು ತುಂಬಿಸಿದ ಜವಳಿ ಅಂಗಡಿಯವರ ಬಳಕೆ ಒಂದು ಸಲ ನೂರಕ್ಕೆ 90 ತೋರಿಸಬಹುದು. ಹಬ್ಬದ ವ್ಯಾಪಾರ ಮುಗಿದು ಬಿಲ್ ಪೂರ್ತಿ ಕಟ್ಟಿದರೆ ಮುಂದಿನ ಲೆಕ್ಕಗಳಲ್ಲಿ ಅದು ಇಳಿಯುತ್ತದೆ, ಅಂಕವೂ ಚೇತರಿಸಿಕೊಳ್ಳುತ್ತದೆ. ಆದರೆ ಗಡುವು ತಪ್ಪಿಸಿದ ಕಲೆ ಹಾಗಲ್ಲ. 36 ತಿಂಗಳ ಪಾವತಿಯ ಜಾತಕ ವರದಿಯಲ್ಲಿ ಕಾಣುತ್ತದೆ. ಹೆಚ್ಚು ಬಳಸಿದ್ದು ನೆಗಡಿ, ಕಟ್ಟದೆ ಬಿಟ್ಟಿದ್ದು ಕ್ಷಯ. ನೆಗಡಿಗೆ ಹೆದರಿ ಕ್ಷಯ ಮರೆಯುವುದು ಯಾವ ನ್ಯಾಯ?

ಹೊಸ ಕಾರ್ಡಿನ ಉಪದೇಶ

ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. "ಇನ್ನೊಂದು ಕಾರ್ಡ್ ತಗೊಳ್ರೀ ಅಣ್ಣಾ, ಲಿಮಿಟ್ ಜಾಸ್ತಿ ಆಗ್ತದೆ, ಪರ್ಸೆಂಟೇಜ್ ತಾನಾಗೇ ಇಳೀತದೆ" ಎಂಬುದು ಕಾರ್ಡು ಮಾರುವ ಏಜೆಂಟರ ಮಂತ್ರ. ಲೆಕ್ಕ ಸುಳ್ಳಲ್ಲ. ಆದರೆ ಅರ್ಜಿ ಹಾಕಿದಾಗಲೆಲ್ಲ "ಈತ ಸಾಲ ಕೇಳಿದ" ಎಂಬ ವಿಚಾರಣೆ ದಾಖಲಾಗುತ್ತದೆ. ಮೇಲಿಂದ ಮೇಲೆ ಕೇಳಿದರೆ ಅಂಕಕ್ಕೇ ಪೆಟ್ಟು. ಮೇಲಾಗಿ ಎರಡು ಕಾರ್ಡಿದ್ದರೆ ಎರಡು ಗಡುವು, ಎರಡು ಶುಲ್ಕ, ಎರಡು ಕಡೆ ಮರೆವು.

ಹೊಸ ಸಾಲ ಬೇಡದವರಿಗೆ ಹೊಸ ಕಾರ್ಡೂ ಬೇಡ. ಅಂಗಡಿ ಸಾಲಕ್ಕೋ ಮನೆ ಸಾಲಕ್ಕೋ ಅರ್ಜಿ ಹಾಕುವ ಯೋಚನೆ ಇದ್ದರೆ ಎರಡು-ಮೂರು ತಿಂಗಳು ಮೊದಲಿನಿಂದ ಬಾಕಿ ತಗ್ಗಿಸಿಕೊಂಡು ಬಂದರೆ ಸಾಕು. ಬಿಲ್ ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಗಲ್ಲಾಪೆಟ್ಟಿಗೆಗೆ ದುಡ್ಡು ಬಂದಂತೆ ವಾರಕ್ಕೊಮ್ಮೆ ಕಟ್ಟುತ್ತಾ ಹೋದರೂ ಬ್ಯಾಂಕು ಬೇಡ ಅನ್ನುವುದಿಲ್ಲ.

ಇದ್ದ ಕಾರ್ಡನ್ನು ಮುಚ್ಚುವುದರಲ್ಲೂ ಲೆಕ್ಕವಿದೆ. ಐವತ್ತೈವತ್ತು ಸಾವಿರದ ಎರಡು ಕಾರ್ಡು, ಒಟ್ಟು ಬಾಕಿ 30,000 ಆದರೆ ಬಳಕೆ ನೂರಕ್ಕೆ 30. ಒಂದನ್ನು ಮುಚ್ಚಿದರೆ ಅದೇ ಬಾಕಿ ನೂರಕ್ಕೆ 60. ಸಾಲದ ಅರ್ಜಿ ಮುಂದಿರುವವರು ತುಸು ತಡೆಯಲಿ. ಉಳಿದವರು ಮೂಲೆಗೆ ಬಿದ್ದ ಕಾರ್ಡಿಗೆ ವರ್ಷ ವರ್ಷ ಶುಲ್ಕ ತೆರುವ ಬದಲು ಧಾರಾಳವಾಗಿ ಮುಚ್ಚಲಿ. ಬಾಕಿ ಇಲ್ಲದ ಕಾರ್ಡು ಮುಚ್ಚಲು ಅರ್ಜಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಈ ಮಾತನ್ನು ಯಾವ ಏಜೆಂಟ್ ಬಾಯಿ ಬಿಟ್ಟು ಹೇಳುತ್ತಾನೆ?

ಅಸಲಿ ಕಳ್ಳ ಎಲ್ಲಿದ್ದಾನೆ?

ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂಬ ಸಾಲು ಇರುತ್ತದಲ್ಲ, ಅಲ್ಲಿದ್ದಾನೆ! ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಹಾಕುವ ಕಾರ್ಡಿನಲ್ಲಿ 40,000 ಬಾಕಿ ಇದೆ ಅನ್ನಿ. ಒಂದು ತಿಂಗಳ ಬಡ್ಡಿ 1,400. ಆ ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ, 252. ಕನಿಷ್ಠ ಎಂದು 2,000 ಕಟ್ಟಿದವರ ಅಸಲಿಗೆ ಜಮೆಯಾಗುವುದು ಬರೇ 348 ರೂಪಾಯಿ! ವರ್ಷದ ಬಡ್ಡಿ ನೂರಕ್ಕೆ 42. ಮೀಟರ್ ಬಡ್ಡಿಯವರನ್ನು ಬೈಯುವ ಪೇಟೆ ಇದಕ್ಕೆ ಏನೆನ್ನುತ್ತದೆ? ಹೀಗೆ ಹಳೇ ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ.

ಸ್ಕೋರು ನೋಡಲೇಬೇಕೆನ್ನುವವರು ವರ್ಷಕ್ಕೊಮ್ಮೆ ಪೂರ್ತಿ ವರದಿ ತರಿಸಿ ನೋಡಲಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ವರದಿ ಪುಕ್ಕಟೆ ಕೊಡಬೇಕು. ತನ್ನ ವರದಿ ತಾನು ನೋಡಿದರೆ ಅಂಕ ಇಳಿಯುವುದಿಲ್ಲ. ತೀರಿಸಿದ ಸಾಲ ತೀರಿಲ್ಲವೆಂದು ತೋರಿಸಿದ್ದರೆ ದೂರು ಕೊಡಬಹುದು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. ದಿನಾ ಅಂಕ ಎಣಿಸುವುದಕ್ಕಿಂತ ಈ ತಪ್ಪು ಹುಡುಕುವುದು ಲಾಭದ ಕೆಲಸ.

ಕಾರ್ಡು ಕೊಡುವಾಗ ಬ್ಯಾಂಕಿನವರು ಕನ್ನಡದಲ್ಲಿ ಸಿಹಿಯಾಗಿ ಮಾತಾಡುತ್ತಾರೆ. ಬಿಲ್ಲು ಮಾತ್ರ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ! ಕನಿಷ್ಠ ಮೊತ್ತ ಕಟ್ಟಿದರೆ ಅಸಲಿಗೆ ಎಷ್ಟು ಜಮೆ, ಬಡ್ಡಿಗೆ ಎಷ್ಟು ಎಂಬುದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲು ಏನು ಕಷ್ಟ? ಜಿಲ್ಲೆಯ ಲೀಡ್ ಬ್ಯಾಂಕಿನವರು ಸಾಕ್ಷರತಾ ಶಿಬಿರ ಎಂದು ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುವ ಬದಲು ಮಂಡಿಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಮೇಜು ಹಾಕಿ ಈ ಲೆಕ್ಕ ಹೇಳಲಿ.

ಅಲ್ಲಿಯವರೆಗೆ ಪೇಟೆಯ ಜನ ಒಂದೇ ಮಾತು ನೆನಪಿಡುವುದು ಕ್ಷೇಮ. ಸಾಲ ಕೇಳುವ ಮೊದಲು ಬಳಕೆ ತಗ್ಗಲಿ, ಸಾಲ ಕೇಳದಿದ್ದಾಗ ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟಿ ನೆಮ್ಮದಿಯಾಗಿ ಮಲಗಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ. ಆ ಹಾಸಿಗೆ ಅಂದ್ರೆ ಬ್ಯಾಂಕು ಕೊಟ್ಟ ಲಿಮಿಟ್ ಅಲ್ಲ, ತಿಂಗಳ ಕೊನೆಗೆ ಗಲ್ಲಾದಲ್ಲಿ ಉಳಿಯುವ ದುಡ್ಡು!