ಗ್ಯಾಸ್ ತುಂಬಿಸುವ ಮುನ್ನ

ಬೇಸಗೆಯ ಝಳ ತಟ್ಟಿದೊಡನೆಯೇ ಏಸಿ ರಿಪೇರಿಯ ಅಂಗಡಿಗಳ ಮುಂದೆ ಹತ್ತು ಹದಿನೈದು ವರ್ಷ ಸವೆದ ಕಾರುಗಳು ಸಾಲುಗಟ್ಟುವುದೂ, ‘ತಂಪಾಗ್ತಿಲ್ಲ, ಗ್ಯಾಸ್ ತುಂಬಿಸಿಬಿಡಿ’ ಎಂದು ಯಜಮಾನರು ರೋಗನಿರ್ಣಯವನ್ನೂ ಚಿಕಿತ್ಸೆಯನ್ನೂ ತಾವೇ ಮುಗಿಸಿ ಅಪ್ಪಣೆ ಕೊಡುವುದೂ ನಮ್ಮ ಊರುಗಳಲ್ಲೊಂದು ವಾರ್ಷಿಕ ವಿಧಿಯಾಗಿಬಿಟ್ಟಿದೆ. ಮೆಕ್ಯಾನಿಕ್ಕನನ್ನು ದೂರುವವರು ಬಹುಮಂದಿ. ನನ್ನ ದೂರಾದರೋ ಮೊದಲು ಯಜಮಾನರ ಮೇಲೆಯೇ. ಅನಿಲಕ್ಕೆ ಕೇಳಿದಷ್ಟು ತೆರುವ ನಾವು, ಸೋರಿಕೆಯ ಸ್ಥಾನವನ್ನು ಅರ್ಧ ದಿನ ಅರಸಿದವನ ಶ್ರಮಕ್ಕೆ ಮಾತ್ರ ‘ಹೊಸದೇನೂ ಹಾಕಲಿಲ್ಲವಲ್ಲ’ ಎಂದು ಚೌಕಾಸಿಗಿಳಿಯುತ್ತೇವೆ. ಹುಡುಕಾಟಕ್ಕೆ ಬೆಲೆಯಿಲ್ಲದ ಕಡೆ ಅನಿಲವೇ ಮಾರಾಟವಾಗುವುದು ಸಹಜ.

ಆ ಅನಿಲವು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಕಂಪ್ರೆಸರಿನಿಂದ ಕಂಡೆನ್ಸರಿಗೆ, ಅಲ್ಲಿಂದ ಕೂಲಿಂಗ್ ಕಾಯಿಲಿಗೆ, ಮರಳಿ ಕಂಪ್ರೆಸರಿಗೆ, ಹೀಗೆ ಮುಚ್ಚಿದ ಕೊಳವೆಗಳಲ್ಲೇ ಅದರ ಪ್ರದಕ್ಷಿಣೆ. ರಬ್ಬರು ಹೋಸುಗಳ ಮೂಲಕ ಹಲವು ವರ್ಷಗಳಲ್ಲಿ ತುಸು ಇಂಗುವುದುಂಟಾದರೂ, ಹೋದ ಯುಗಾದಿಗೆ ತುಂಬಿಸಿದ್ದು ಈ ಯುಗಾದಿಗೆ ಬರಿದಾಯಿತೆಂದರೆ ತೂತು ಎಲ್ಲೋ ಇದ್ದೇ ಇದೆ. ಅನಿಲದೊಡನೆ ಕಂಪ್ರೆಸರಿನ ಎಣ್ಣೆಯೂ ಸಂಚರಿಸುವುದರಿಂದ, ಕೊಳವೆಯ ಸಂದಿಯೊಂದರಲ್ಲಿ ಧೂಳು ಮೆತ್ತಿದ ಜಿಡ್ಡಿನ ಕಲೆ ಕಂಡರೆ ಸಂಶಯವನ್ನು ಅಲ್ಲಿಂದಲೇ ಆರಂಭಿಸಬಹುದು. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿದರೆ ಗುಳ್ಳೆಗಳೇ ಸಾಕ್ಷಿ ನುಡಿಯುತ್ತವೆ. ತರುವಾಯ ವ್ಯಾಕ್ಯೂಮ್ ಪಂಪಿನಿಂದ ಗಾಳಿಯನ್ನೂ ತೇವವನ್ನೂ ಹೊರಗೆಳೆದು, ಬಾನೆಟ್ಟಿನಡಿಯ ಚೀಟಿಯಲ್ಲಿ ನಮೂದಾದ ತೂಕದಷ್ಟನ್ನೇ ತುಂಬಬೇಕು. ಹೆಚ್ಚು ತುಂಬಿದರೂ ತಂಪು ತಗ್ಗುತ್ತದೆಂಬುದನ್ನು ಧಾರಾಳಿಗಳು ಮರೆಯಬಾರದು.

ಇಷ್ಟಕ್ಕೂ ತಂಪಿನ ಅಭಾವವೆಲ್ಲ ಅನಿಲದ ಅಭಾವವಲ್ಲ. ಓಡುವಾಗ ತಂಪಾಗಿದ್ದು ಸಿಗ್ನಲಿನಲ್ಲಿ ನಿಂತೊಡನೆ ಬಿಸಿಯುಸಿರು ಬಿಡುವ ಕಾರಿನಲ್ಲಿ ಮೊದಲು ನೋಡತಕ್ಕದ್ದು ಕಂಡೆನ್ಸರಿನ ಫ್ಯಾನನ್ನು. ಬ್ಲೋವರು ಕಡೆಯ ನಂಬರಿನಲ್ಲಿ ಮಾತ್ರ ತಿರುಗಿದರೆ ಸಾಮಾನ್ಯವಾಗಿ ಸುಟ್ಟಿರುವುದು ಅದರ ರೆಸಿಸ್ಟರು.

ಹೀಟರಿನ ವಿಷಯದಲ್ಲಂತೂ ನಮ್ಮ ಔದಾಸೀನ್ಯ ಇನ್ನೂ ಮಿಗಿಲು. ಬಯಲುಸೀಮೆಯವರಿಗೆ ಅದು ನಿರರ್ಥಕವೆಂದು ತೋರಬಹುದಾದರೂ, ಮಳೆಗಾಲದ ಚಾರ್ಮಾಡಿ ಘಾಟಿಯಲ್ಲಿ ಮುಂಗಾಜಿನ ಒಳಮೈಗೆ ಹಬೆ ಕವಿದಾಗ, ಏಸಿ ತೇವವನ್ನು ಹೀರಿ ಹೀಟರು ಗಾಜನ್ನು ಬೆಚ್ಚಗಾಗಿಸಿದರೆ ದಾರಿ ಬಲುಬೇಗ ತಿಳಿಯಾಗುತ್ತದೆ. ಹೀಟರಿಗೆ ಸ್ವಂತ ಒಲೆಯಿಲ್ಲ. ಎಂಜಿನ್ನನ್ನು ಸುತ್ತಿಬಂದ ಕೂಲೆಂಟಿನ ಕಾವೇ ಅದರ ಬಂಡವಾಳ. ಹೀಗಿರಲು, ಸೆಖೆಯ ನಾಡೆಂಬ ನೆಪದಿಂದ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಗ್ಯಾರೇಜು ಪದ್ಧತಿಯಿಂದ ಎಂಜಿನ್ನು ತಕ್ಕ ಕಾವಿಗೇರದೆ ಇಂಧನವನ್ನು ಅಧಿಕವಾಗಿ ಕುಡಿಯುವುದಲ್ಲದೆ, ಹೀಟರಿನಿಂದಲೂ ಉಗುರುಬೆಚ್ಚನೆಯ ಗಾಳಿಯಷ್ಟೇ ಬರುತ್ತದೆ. ಮುಂದಿನ ಸೀಟಿನ ಕಾಲ್ಕೆಳಗೆ ಕಾರ್ಪೆಟ್ಟು ಒದ್ದೆಯಾಗಿದ್ದರೆ ಬೆರಳಿನಿಂದ ಮುಟ್ಟಿ ನೋಡಿ: ತಿಳಿನೀರಾದರೆ, ಕೂಲಿಂಗ್ ಕಾಯಿಲಿನ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದು, ಗಾಳಿ ಊದಿದರೆ ಬಹುಮಟ್ಟಿಗೆ ತೀರಿತು; ಬಣ್ಣವಿದ್ದು, ಜಿಗುಟಾಗಿ, ಸಿಹಿವಾಸನೆಯಿದ್ದರೆ ಹೀಟರ್ ಕೋರ್ ಸೋರುತ್ತಿದೆ, ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. (ರುಚಿ ನೋಡುವ ಸಾಹಸ ಬೇಡ; ಕೂಲೆಂಟು ವಿಷ.)

ಇನ್ನು ಸೋರುವ ಅನಿಲದ ವಿಷಯ: ಕಾರಿನ ಏಸಿಗಳಲ್ಲಿ ಮೊದಲಿದ್ದ, ಓಝೋನ್ ಪದರವನ್ನು ಕೊರೆಯುತ್ತಿದ್ದ ಆರ್-12 ಅನಿಲವು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಹಿಂದೆ ಸರಿದು, ಅದರ ಸ್ಥಾನಕ್ಕೆ ಬಂದ ಆರ್-134ಎ ಓಝೋನಿಗೆ ನಿರಪಾಯಕಾರಿಯಾದರೂ, ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ 1,300 ಪಟ್ಟಿಗೆ ಕಡಿಮೆಯಿಲ್ಲ. ಅರ್ಧ ಕಿಲೋ ಸೋರಿಹೋದರೆ ಆರೂವರೆ ಕ್ವಿಂಟಾಲ್ ಇಂಗಾಲದ ಡೈಆಕ್ಸೈಡನ್ನು ಬಿಟ್ಟಂತೆ. ಅದೂ ವರ್ಷವರ್ಷ, ಹಣ ಕೊಟ್ಟು.

ಆದಕಾರಣ ಅಂಗಡಿಯ ದರಪಟ್ಟಿಯಲ್ಲಿ ಸೋರಿಕೆ ತಪಾಸಣೆಗೆಂದೇ ಪ್ರತ್ಯೇಕವಾದ ಒಂದು ಸಾಲಿರಲಿ. ತುಂಬಿದ ಅನಿಲದ ತೂಕವು ಬಿಲ್ಲಿನಲ್ಲಿ ಗ್ರಾಮುಗಳಲ್ಲಿ ದಾಖಲಾಗಲಿ. ಹುಡುಕಾಟವು ಕೊನೆಗೆ ಕೆಲವೇ ರೂಪಾಯಿಯ ಓ-ರಿಂಗೊಂದರಲ್ಲಿ ಮುಗಿದರೂ ಯಜಮಾನರು ಆ ಸಾಲಿನ ಹಣವನ್ನು ಪೂರ್ಣವಾಗಿ ತೆರತಕ್ಕದ್ದು.