ಲಿಂಕ್ಡ್‌ಇನ್‌ನಲ್ಲಿ ಅನುಭವ ಬಚ್ಚಿಡಬೇಡಿ

ಗೆಳತಿಯರೇ, ಮಕ್ಕಳು ಸ್ಕೂಲಿಗೆ ಹೋಗುವಷ್ಟಾದ ಮೇಲೆ ‘ಮತ್ತೆ ಕೆಲಸಕ್ಕೆ ಹೋದರೆ ಹೇಗೆ’ ಅಂತ ಯೋಚಿಸದವರು ನಮ್ಮಲ್ಲಿ ಕಡಿಮೆ. ಆಗ ಯಾರೋ ಹೇಳಿದರು ಅಂತ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯುತ್ತೇವೆ. ಮದುವೆ ಮನೆಯಲ್ಲಿ ತೆಗೆದ ಒಂದು ಫೋಟೊ, ಕೆಳಗೆ ‘ಹೋಮ್‌ಮೇಕರ್’ ಎಂಬ ಒಂದೇ ಪದ. ಅಲ್ಲಿಗೆ ಮುಗಿಯಿತು. ಆರು ತಿಂಗಳಾದರೂ ಯಾರೂ ಕೇಳಲಿಲ್ಲ ಅಂತ ಬೇಸರ ಬೇರೆ. ಕೇಳುವುದಾದರೂ ಹೇಗೆ ಹೇಳಿ? ಎಚ್‌ಆರ್‌ನವರು ಹುಡುಕುವ ಒಂದು ಪದವೂ ಅಲ್ಲಿರುವುದಿಲ್ಲವಲ್ಲ.

ಇವತ್ತು ಕೆಲಸದ ಜಾಗದ ಸುರಕ್ಷತೆಯ ಉದ್ಯೋಗಗಳ ವಿಷಯವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಾಮಾನ್ಯವಾಗಿ 1,000 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಸುರಕ್ಷತಾ ಅಧಿಕಾರಿ ಇರಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಆ ಮಿತಿಯನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಯಲ್ಲೂ ಕಟ್ಟಡ ನಿರ್ಮಾಣದಲ್ಲೂ 250 ಮಂದಿ ಇದ್ದರೆ ಸಾಕು. ಅಂದರೆ ಮೊದಲು ಬೇಕಿಲ್ಲದ ಕಡೆಯೂ ಈಗ ಒಬ್ಬರು ಬೇಕು.

ನಮ್ಮ ಕಡೆಯವರಿಗೆ ಇದರ ಅನುಭವ ಎಲ್ಲಿದೆ ಅನ್ನಬೇಡಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಗಾರ್ಮೆಂಟ್ಸ್ ಘಟಕ ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಂದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಅಂಥ ಗಾರ್ಮೆಂಟ್ಸ್‌ಗಳಲ್ಲಿ ಸೂಪರ್‌ವೈಸರ್, ಕ್ವಾಲಿಟಿ ಚೆಕರ್ ಆಗಿದ್ದವರು ದಿನವೂ ಏನು ಮಾಡುತ್ತಿದ್ದರು? ಮೆಷಿನ್ನಿಗೆ ಸೂಜಿ ಗಾರ್ಡ್ ಇದೆಯೇ, ಮುರಿದ ಸೂಜಿಯ ಚೂರೆಲ್ಲ ಸಿಕ್ಕಿತೇ, ಬಟ್ಟೆ ಬಂಡಲ್ ತಂದು ತುರ್ತು ಬಾಗಿಲಿಗೆ ಅಡ್ಡ ಇಟ್ಟಿದ್ದಾರೆಯೇ ಅಂತ ನೋಡುತ್ತಿದ್ದರು. ಇದಕ್ಕೇ ಸುರಕ್ಷತೆ ಅನ್ನುವುದು! ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ನರ್ಸ್ ಆಗಿದ್ದವರಿಗೆ ಚುಚ್ಚಿದ ಸೂಜಿಯ ವಿಲೇವಾರಿ, ಸೋಂಕು ತಡೆ ಬಾಯಿಪಾಠ. ಪಾಂಡವಪುರ, ಕೆ.ಆರ್.ಪೇಟೆಯ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಇದೆ, ಲ್ಯಾಬ್ ಇದೆ. ಲ್ಯಾಬಿನಲ್ಲಿ ಕೆಲಸ ಮಾಡಿದ ಬಿ.ಎಸ್‌ಸಿ. ಹುಡುಗಿಗೆ ಆಸಿಡ್ ಬಾಟಲಿ ಹೇಗೆ ಹಿಡಿಯಬೇಕೆಂದು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಇದನ್ನೇ ಪ್ರೊಫೈಲ್‌ನಲ್ಲಿ ಬರೆಯಿರಿ. ಹೆಸರಿನ ಕೆಳಗಿನ ಹೆಡ್‌ಲೈನಿಗೆ 220 ಅಕ್ಷರ ಜಾಗವಿದೆ. ‘ಕೆಲಸ ಹುಡುಕುತ್ತಿದ್ದೇನೆ’ ಅಂತ ಅದನ್ನು ವ್ಯರ್ಥ ಮಾಡುವ ಬದಲು ‘ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರ್, ಆರು ವರ್ಷ, ಯಂತ್ರ ಸುರಕ್ಷತೆ, ಫೈರ್ ಡ್ರಿಲ್, ಕನ್ನಡದಲ್ಲಿ ಕಾರ್ಮಿಕರ ತರಬೇತಿ’ ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಹಾಕಿ. ಕೆಳಗಿನ ‘ಅಬೌಟ್’ ಭಾಗದಲ್ಲಿ ಹಾರ್ಡ್‌ವರ್ಕಿಂಗ್, ಸಿನ್ಸಿಯರ್ ಎಂಬ ಸವೆದ ಪದಗಳು ಬೇಡ. ಏನು ಅಪಾಯ ಕಂಡಿರಿ, ಏನು ಬದಲಾಯಿಸಿದಿರಿ, ಆಮೇಲೆ ಏನಾಯಿತು ಅಂತ ನಾಲ್ಕು ಸಾಲು ಬರೆದರೆ ಸಾಕು. ಕೂದಲೆಳೆಯಲ್ಲಿ ತಪ್ಪಿದ ಅಪಘಾತಕ್ಕೆ ಆ ವೃತ್ತಿಯಲ್ಲಿ ‘ನಿಯರ್ ಮಿಸ್’ ಅನ್ನುತ್ತಾರೆ, ಹೆಲ್ಮೆಟ್ಟು ಗ್ಲೌಸಿಗೆ ‘ಪಿಪಿಇ’, ಇಡೀ ವಿಭಾಗಕ್ಕೆ ‘ಇಎಚ್‌ಎಸ್’. ನೀವು ನಿಜವಾಗಿ ಮಾಡಿದ ಕೆಲಸಕ್ಕೆ ಈ ಹೆಸರುಗಳನ್ನು ಸೇರಿಸಿ, ಹುಡುಕುವವರಿಗೆ ಸಿಗುತ್ತೀರಿ. ಆದರೆ ಗಾಯಗೊಂಡವರ ಹೆಸರು, ಕಾರ್ಖಾನೆ ಒಳಗಿನ ಫೋಟೊ ಬೇಡವೇ ಬೇಡ.

ಭಾಷೆ ಅಂತ ಇರುವ ಜಾಗದಲ್ಲಿ ಕನ್ನಡವನ್ನು ಮೊದಲು ಬರೆಯಿರಿ. ಸಂಕೋಚ ಯಾಕೆ? ಕಾರ್ಖಾನೆ ಕಾಯ್ದೆಯಡಿಯ ಸುರಕ್ಷತಾ ಅಧಿಕಾರಿ ನಿಯಮಗಳಲ್ಲಿ, ಆ ಪ್ರದೇಶದ ಬಹುಪಾಲು ಕಾರ್ಮಿಕರು ಆಡುವ ಭಾಷೆ ಗೊತ್ತಿರಬೇಕೆಂಬುದೂ ಒಂದು ಅರ್ಹತೆ. ಮೆಷಿನ್ ಪಕ್ಕ ನಿಂತು ‘ಸೆರಗು ಸಿಕ್ಕಿಸ್ಕೊಳ್ಳವ್ವ’ ಅನ್ನಲು ಇಂಗ್ಲಿಷ್ ಕೆಲಸಕ್ಕೆ ಬರುವುದಿಲ್ಲ.

ಮನೆಯಲ್ಲಿದ್ದ ವರ್ಷಗಳನ್ನು ಏನು ಮಾಡುವುದು? ಮುಚ್ಚಿಡಬೇಡಿ. 2022ರಿಂದ ಲಿಂಕ್ಡ್‌ಇನ್‌ನಲ್ಲೇ ‘ಕರಿಯರ್ ಬ್ರೇಕ್’ ಎಂಬ ಜಾಗವಿದೆ. ಮಗುವಿನ ಆರೈಕೆ, ಮಾವನವರ ಅನಾರೋಗ್ಯ, ಯಾವುದಿದ್ದರೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಆ ಅವಧಿಯಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಮಾಡಿದ್ದರೆ ಅದನ್ನೂ ಅಲ್ಲೇ ಸೇರಿಸಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎರಡು ದಿನದ ಆನ್‌ಲೈನ್ ಕೋರ್ಸ್ ಮಾಡಿ ‘ಸೇಫ್ಟಿ ಆಫೀಸರ್’ ಅಂತ ಹಾಕಿಕೊಳ್ಳಬೇಡಿ. ಆ ಹುದ್ದೆಗೆ ಹಳೆಯ ನಿಯಮಗಳು ಕೇಳುತ್ತಿದ್ದದ್ದು ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ, ಇಲ್ಲವೇ ಭೌತಶಾಸ್ತ್ರ, ರಸಾಯನಶಾಸ್ತ್ರದ ಪದವಿ, ಜತೆಗೆ ಕಾರ್ಖಾನೆಯ ಅನುಭವ ಮತ್ತು ಔದ್ಯೋಗಿಕ ಸುರಕ್ಷತೆಯ ಮಾನ್ಯ ಡಿಪ್ಲೊಮಾ. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅದು ಮಾನ್ಯವೇ ಅಂತ ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಔದ್ಯೋಗಿಕ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿ ವಿಚಾರಿಸಿ. ಸುಳ್ಳು ಬಿರುದು ನಂಬಿ ಕೆಲಸ ಕೊಟ್ಟರು ಅಂದುಕೊಳ್ಳಿ, ಬಾಯ್ಲರ್ ಪಕ್ಕ ನಿಂತಿರುವುದು ಇನ್ನೊಬ್ಬಳ ಗಂಡ, ಇನ್ನೊಬ್ಬಳ ಮಗ ಕಣ್ರೀ.

ನನ್ನಂಥ ಬಿ.ಎ. ಓದಿದವರಿಗೆ ಆ ಬಾಗಿಲು ಇಲ್ಲ, ನಿಜ. ಬೇರೊಂದಿದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಮಹಿಳಾ ಸಂಘಟನೆಗಳಲ್ಲಿ ದುಡಿದವರು, ಈ ವಿಷಯ ಚೆನ್ನಾಗಿ ಬಲ್ಲವರು ಅದಕ್ಕೆ ಆಗುತ್ತಾರೆ. ಸ್ತ್ರೀಶಕ್ತಿ ಸಂಘ, ಸಾಂತ್ವನ ಕೇಂದ್ರದಲ್ಲಿ ಕೆಲಸ ಮಾಡಿದ್ದರೆ ಅದನ್ನು ಕೊನೆಯ ಸಾಲಿಗೆ ತಳ್ಳಬೇಡಿ, ಮೇಲಕ್ಕೆ ತನ್ನಿ.

ಇನ್ನು ನಮ್ಮದೇ ಸುರಕ್ಷತೆ. ಪ್ರೊಫೈಲ್‌ನಲ್ಲಿ ಮನೆ ವಿಳಾಸ, ಮೊಬೈಲ್ ನಂಬರ್ ಹಾಕಬೇಡಿ. ‘ಓಪನ್ ಟು ವರ್ಕ್’ ಸೂಚನೆಯನ್ನು ನೇಮಕಾತಿಯವರಿಗೆ ಮಾತ್ರ ಕಾಣುವಂತೆ ಇಡಬಹುದು, ನೆಂಟರಿಗೆಲ್ಲ ಡಂಗುರ ಹೊಡೆಯಬೇಕಾಗಿಲ್ಲ. ಗಲ್ಫ್‌ನಲ್ಲಿ ಸೇಫ್ಟಿ ಕೆಲಸ, ನೋಂದಣಿಗೆ ಇಷ್ಟು ಕಳಿಸಿ ಅಂತ ಯಾರಾದರೂ ಬರೆದರೆ ಉತ್ತರಿಸದೆ ಬ್ಲಾಕ್ ಮಾಡಿ. ದುಡ್ಡು ಆಗಲೇ ಹೋಗಿದ್ದರೆ ಮನೆಯವರು ಬೈದಾರೆಂದು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.