ಕಳಿಸಿದ್ದು ಮುಟ್ಟಿತೇ? ಮುಟ್ಟಿದ್ದು ಕಳಿಸಿದ್ದೇ?

ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಮುಂಗಾರಿನ ಬೆಳೆ ಸಮೀಕ್ಷೆ ನಡೆಯುತ್ತಿತ್ತು. ರೈತರೇ ಮೊಬೈಲ್ ಆ್ಯಪ್‌ನಲ್ಲಿ ಹೊಲದ ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ತುಂಬಿ ಫೋಟೊ ಸೇರಿಸಬಹುದಿತ್ತು. ಸಿರಿಗೆರೆ ಹತ್ತಿರದ ನಮ್ಮ ಮೆಕ್ಕೆಜೋಳದ ಹೊಲಕ್ಕೆ ಹೋಗಿ ನಾನೇ ಎಲ್ಲ ತುಂಬಿದೆ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ, ವಿವರ ಫೋನಿನಲ್ಲೇ ಉಳಿಯಿತು. ಮನೆಗೆ ಬಂದು ಅಪ್‌ಲೋಡ್ ಒತ್ತಿದೆ. ಚಕ್ರ ತಿರುಗಿತು. ಹೋಯಿತು ಎಂದುಕೊಂಡು, ಫೋನಿನಲ್ಲಿ ಜಾಗ ಸಾಲದ್ದಕ್ಕೆ ಅದೇ ರಾತ್ರಿ ಆ್ಯಪ್ ತೆಗೆದುಹಾಕಿದೆ.

ವಾರದ ಮೇಲೆ ನೋಡಿದರೆ ನಮ್ಮ ಸರ್ವೆ ನಂಬರಿನ ಮುಂದೆ ಬೆಳೆಯೇ ಇಲ್ಲ! ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ ಎಲ್ಲದರಲ್ಲೂ ಈ ದಾಖಲೆಯನ್ನೇ ನೋಡುತ್ತಾರೆ. ತಪ್ಪು ಪೂರ್ತಿ ನನ್ನದು. ಅಪ್ಪ ಬೈಯಲಿಲ್ಲ. ‘ಕಳಿಸೀನಿ ಅಂತೀಯ, ಸರಿ. ಮುಟ್ಟೈತಿ ಅಂತ ನಿಂಗೆ ಯಾರು ಹೇಳಿದ್ರು?’ ಅಂದರು, ಅಷ್ಟೆ. ಪುಣ್ಯಕ್ಕೆ ಗಡುವು ಮುಗಿದಿರಲಿಲ್ಲ. ಮತ್ತೆ ಹೊಲಕ್ಕೆ ಹೋಗಿ ಮೊದಲಿನಿಂದ ತುಂಬಿದೆ.

ಈಗ ದಾವಣಗೆರೆಯಲ್ಲಿ ಬಿಇ ಓದುತ್ತಿದ್ದೇನೆ. ಕಂಪ್ಯೂಟರ್ ನೆಟ್‌ವರ್ಕ್ ಪಾಠದಲ್ಲಿ ಮತ್ತೆ ಮತ್ತೆ ಎದುರಾಗುವುದು ಅಪ್ಪನ ಆ ಪ್ರಶ್ನೆಯೇ. ಸುದ್ದಿಯಲ್ಲಿರುವ ಉಪಗ್ರಹ ಇಂಟರ್‌ನೆಟ್ ಬಗ್ಗೆಯೂ ನಾವು ಕೇಳಬೇಕಾದ ಪ್ರಶ್ನೆ ಅದು.

2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆಯಿತು. ಅದಕ್ಕೂ ಮೊದಲೇ, 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ, ನಮ್ಮ ಇಸ್ರೊ ಒನ್‌ವೆಬ್ ಕಂಪನಿಯ 72 ಉಪಗ್ರಹಗಳನ್ನು ಎರಡು ಕಂತುಗಳಲ್ಲಿ ಹಾರಿಸಿತ್ತು. ಟಿವಿಯ ಡಿಶ್ ನೋಡುವ ಉಪಗ್ರಹ 36 ಸಾವಿರ ಕಿ.ಮೀ. ಎತ್ತರದಲ್ಲಿದ್ದು, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿರುತ್ತದೆ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ, ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತವೆ. ಒಂದು ಉಪಗ್ರಹ ನಮ್ಮ ತಲೆಯ ಮೇಲಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಮಾತು ಇನ್ನೊಂದಕ್ಕೆ ದಾಟಬೇಕು. ಅಂದರೆ ನಮ್ಮ ಮಾಹಿತಿಯನ್ನು ಕೈಯಿಂದ ಕೈಗೆ ದಾಟಿಸುವ ‘ರಿಲೇ’ಗಳೇ ಓಡುತ್ತಿರುತ್ತವೆ.

ಇದು ಕರ್ನಾಟಕಕ್ಕೆ ಹೊಸದಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ನಮಗೆಲ್ಲ ಗೊತ್ತು. 2003ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅದಕ್ಕೆ ‘ಡಾಕ್‌ನೆಟ್’ ಎಂಬ ಪ್ರಯೋಗವನ್ನು ಜೋಡಿಸಿದರು. ಅಮೆರಿಕದ ಎಂಐಟಿ ಸಂಶೋಧಕರು ರೂಪಿಸಿದ್ದು. ಹಳ್ಳಿಯ ಕಿಯಾಸ್ಕ್‌ಗೆ ಇಂಟರ್‌ನೆಟ್ ಇಲ್ಲ, ಆದರೆ ಬಸ್ಸು ಬರುತ್ತದೆ. ಆ ಬಸ್ಸಿಗೇ ವೈಫೈ ಪೆಟ್ಟಿಗೆ ಕೂರಿಸಿದರು. ಬಸ್ಸು ಹಳ್ಳಿಗೆ ಬಂದಾಗ ಪಹಣಿಯ ಕೋರಿಕೆಗಳು ತಾವಾಗಿ ಅದರೊಳಗೆ ಹೋಗುತ್ತಿದ್ದವು, ತಾಲ್ಲೂಕು ಕೇಂದ್ರದಲ್ಲಿ ಇಳಿಯುತ್ತಿದ್ದವು. ಸಿದ್ಧವಾದ ಪಹಣಿ ಮತ್ತೆ ಬಸ್ಸೇರಿ ಊರಿಗೆ ಬಂದರೆ, 15 ರೂಪಾಯಿಗೆ ಮುದ್ರಿಸಿ ಕೊಡುತ್ತಿದ್ದರು. ಒಂದು ಭೇಟಿ ಸರಾಸರಿ ಎರಡೂವರೆ ನಿಮಿಷದ್ದು. ಅಷ್ಟರಲ್ಲಿ ಒಂದು ದಿಕ್ಕಿಗೆ ಸುಮಾರು 20 ಮೆಗಾಬೈಟ್ ಮಾಹಿತಿ ಸಾಗುತ್ತಿತ್ತು. ಹಾಸ್ಟೆಲ್‌ನಲ್ಲಿರುವ ನಮಗೆ ಅಮ್ಮಂದಿರು ಬಸ್ಸಿನಲ್ಲಿ ರೊಟ್ಟಿ ಬುತ್ತಿ ಕಳಿಸುವುದಿಲ್ಲವೇ? ಹಾಗೆಯೇ ಇದು.

ಬಸ್ಸು ಹೊರಟುಬಿಟ್ಟಾಗ ಫೈಲ್ ಅರ್ಧ ಮಾತ್ರ ಹೋಗಿದ್ದರೆ? ಪೆಟ್ಟಿಗೆಯ ಮೆಮೊರಿಯಲ್ಲೇ ಒಂದು ಅಂಕಿ ಕೆಟ್ಟರೆ? ಪಹಣಿಯಲ್ಲಿ ಒಂದು ಅಂಕಿ ತಪ್ಪಿದರೆ ಅದು ಬೇರೆಯವರ ಹೊಲ.

ಪ್ರತಿ ಹಂತದಲ್ಲೂ ಪರೀಕ್ಷಿಸಿದರೆ ಸಾಕಲ್ಲ ಎನ್ನಿಸಬಹುದು. ಸಾಲದು ಎನ್ನುವುದಕ್ಕೆ ಜೆರೋಮ್ ಸಾಲ್ಟ್‌ಜರ್, ಡೇವಿಡ್ ರೀಡ್ ಮತ್ತು ಡೇವಿಡ್ ಕ್ಲಾರ್ಕ್ 1984ರ ಪ್ರಬಂಧದಲ್ಲಿ ಎಂಐಟಿಯದೇ ಒಂದು ಘಟನೆ ಹೇಳುತ್ತಾರೆ. ಅಲ್ಲಿನ ನೆಟ್‌ವರ್ಕ್‌ನಲ್ಲಿ ಪ್ರತಿ ಕೊಂಡಿಯಲ್ಲೂ ಪರೀಕ್ಷೆ ಇತ್ತು. ಆದರೆ ನಡುವಿನ ಒಂದು ಗೇಟ್‌ವೇ ಯಂತ್ರ, ಬಂದದ್ದನ್ನು ಒಳಗೇ ನಕಲು ಮಾಡಿಕೊಳ್ಳುವಾಗ, ಸುಮಾರು ಹತ್ತು ಲಕ್ಷ ಬೈಟ್‌ಗೊಮ್ಮೆ ಅಕ್ಕಪಕ್ಕದ ಎರಡು ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ಒಳಬರುವಾಗಿನ ಪರೀಕ್ಷೆ ಸರಿ, ಹೊರಹೋಗುವಾಗಿನದೂ ಸರಿ, ಹಾಳಾಗಿದ್ದು ನಡುವೆ! ಕೆಟ್ಟ ಫೈಲುಗಳನ್ನು ಹಳೆಯ ಮುದ್ರಿತ ಪ್ರತಿಗಳ ಜೊತೆ ಕೈಯಿಂದಲೇ ತಾಳೆ ನೋಡಿ ತಿದ್ದಬೇಕಾಯಿತು. ಕೊನೆಯ ಪರೀಕ್ಷೆ ಕಳಿಸಿದವರು ಮತ್ತು ಪಡೆದವರ ನಡುವೆಯೇ ಆಗಬೇಕು ಎಂಬುದು ಅವರ ವಾದ. ರಿಲೇಗಳು ಹೆಚ್ಚಿದಷ್ಟೂ, ಅವು ಬದಲಾದಷ್ಟೂ ಈ ಮಾತಿನ ಬೆಲೆ ಹೆಚ್ಚುತ್ತದೆ.

ಹಾಗಾದರೆ ಎಂಥ ಪರೀಕ್ಷೆ? ಸರ್ವೆ ನಂಬರ್ 45 ಎಂದುಕೊಳ್ಳಿ. ಅಂಕಿಗಳನ್ನು ಕೂಡಿದರೆ 9. ದಾರಿಯಲ್ಲಿ ಅದು 54 ಆದರೂ ಮೊತ್ತ 9ೇ, ತಪ್ಪು ಸಿಗುವುದಿಲ್ಲ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ ಗುಣಿಸಿ ಕೂಡಿ: 45ಕ್ಕೆ 14, 54ಕ್ಕೆ 13. ಈಗ ಕಳ್ಳ ಸಿಕ್ಕಿಬಿದ್ದ. ಇಂಟರ್‌ನೆಟ್‌ನ ಟಿಸಿಪಿ ಬಳಸುವ ಚೆಕ್‌ಸಮ್ ಮೂಲತಃ ಮೊದಲ ಬಗೆಯ ಕೂಡುವ ಲೆಕ್ಕ. 16 ಬಿಟ್‌ನ ಎರಡು ತುಂಡುಗಳು ಪೂರ್ತಿ ಅದಲುಬದಲಾದರೆ ಅದಕ್ಕೆ ತಿಳಿಯದು. ಆದ್ದರಿಂದಲೇ ಮುಖ್ಯವಾದ ಫೈಲ್‌ಗಳಿಗೆ ಎಸ್‌ಎಚ್‌ಎ–256 ರೀತಿಯ ಹ್ಯಾಶ್ ಬೇಕು. ನಮ್ಮ ಆಧಾರ್‌ನ 12ನೇ ಅಂಕಿ ಕೂಡ ಪರೀಕ್ಷೆಯ ಅಂಕಿಯೇ. ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ಹಿಂದುಮುಂದಾದರೂ ಅದು ಹಿಡಿಯುತ್ತದೆ.

ಇನ್ನು ನನ್ನ ಆ್ಯಪ್ ಪ್ರಸಂಗ. ಸಂಪರ್ಕ ಬಂದುಹೋಗುವ ಜಾಗಗಳಿಗೆಂದೇ, ಬಾಹ್ಯಾಕಾಶವನ್ನೂ ಗಮನದಲ್ಲಿಟ್ಟು ರೂಪಿಸಿದ ಬಂಡಲ್ ಪ್ರೋಟೊಕಾಲ್ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ‘ಕಸ್ಟಡಿ ವರ್ಗಾವಣೆ’ ಎಂಬ ವ್ಯವಸ್ಥೆ ಇತ್ತು. ಮುಂದಿನವನು ‘ಇದರ ಹೊಣೆ ನನ್ನದು’ ಎಂದು ತಿಳಿಸುವವರೆಗೆ ನಿನ್ನ ಪ್ರತಿಯನ್ನು ಅಳಿಸಬೇಡ ಎಂಬುದೇ ಅದರ ತಿರುಳು. ಪಾಠದಲ್ಲಿ ಇದು ಬಂದ ದಿನ ನನಗೆ ನಮ್ಮ ಮೆಕ್ಕೆಜೋಳದ ಹೊಲ ಕಣ್ಣಮುಂದೆ ಬಂತು.

2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ–3ರಲ್ಲೂ ಇಂಥದೇ ಸರಪಳಿ ಇತ್ತು. ಪ್ರಗ್ಯಾನ್ ರೋವರ್ ಮಾತಾಡುತ್ತಿದ್ದುದು ವಿಕ್ರಮ್ ಲ್ಯಾಂಡರ್ ಜೊತೆ ಮಾತ್ರ. ವಿಕ್ರಮ್ ಬೆಂಗಳೂರು ಬಳಿಯ ಬ್ಯಾಲಾಳು ಕೇಂದ್ರದ ಜೊತೆ. ಆ ದಾರಿ ಕೈಕೊಟ್ಟರೆ ಇರಲಿ ಎಂದು, ಚಂದ್ರನನ್ನು ಸುತ್ತುತ್ತಿದ್ದ ಚಂದ್ರಯಾನ–2ರ ಆರ್ಬಿಟರ್ ಮೂಲಕ ಇನ್ನೊಂದು ದಾರಿಯನ್ನೂ ಇಟ್ಟುಕೊಂಡಿದ್ದರು.

ಹ್ಯಾಶ್‌ಗೂ ಮಿತಿ ಇದೆ. ದಾರಿಯಲ್ಲಿ ಯಾರಾದರೂ ಬೇಕೆಂದೇ ದಾಖಲೆ ತಿದ್ದಿದರೆ, ಹ್ಯಾಶ್ ಅನ್ನೂ ಹೊಸದಾಗಿ ಲೆಕ್ಕ ಹಾಕಿ ಅಂಟಿಸಬಲ್ಲರು. ಅದನ್ನು ತಡೆಯಲು ಕಳಿಸುವವರ ಡಿಜಿಟಲ್ ಸಹಿ ಬೇಕು. ಸಹಿಯೂ ಒಂದನ್ನು ಮಾಡಲಾರದು: ಮೆಕ್ಕೆಜೋಳದ ಹೊಲದಲ್ಲಿ ನಿಂತು ನಾನು ಹತ್ತಿ ಎಂದು ತುಂಬಿದರೆ, ಆ ಸುಳ್ಳು ಸ್ವಲ್ಪವೂ ಕೆಡದೆ ಸರ್ವರ್ ತಲುಪುತ್ತದೆ. ದಾರಿಯನ್ನು ತಂತ್ರಜ್ಞಾನ ಕಾಯಬಹುದು, ಹೊಲದಲ್ಲಿ ನಿಜ ಬರೆಯುವ ಹೊಣೆ ಮನುಷ್ಯರದ್ದೇ.

ಉಪಗ್ರಹ ಇಂಟರ್‌ನೆಟ್ ಎಂದಕೂಡಲೇ ನಾವು ಮೊದಲು ಕೇಳುವುದು ವೇಗ ಮತ್ತು ತಿಂಗಳ ಬೆಲೆ. ಹಳ್ಳಿಯ ದಾಖಲೆಗಳು ಆ ದಾರಿಯಲ್ಲಿ ಸಾಗುವುದಾದರೆ ಇನ್ನೂ ಮೂರು ಪ್ರಶ್ನೆ ಕೇಳಬೇಕು. ಮುಟ್ಟಿದ್ದಕ್ಕೆ ರಸೀದಿ ರೈತನ ಕೈಗೆ ಬರುತ್ತದೆಯೇ? ಅಲ್ಲಿಯವರೆಗೆ ಪ್ರತಿ ಅವನ ಫೋನಿನಲ್ಲಿ ಉಳಿಯುತ್ತದೆಯೇ? ಸಂಪರ್ಕ ತಡವಾಗಿ ಸಿಕ್ಕಿದ್ದಕ್ಕೆ ಗಡುವು ತಪ್ಪಿದರೆ, ಹೊಲದಲ್ಲಿ ತುಂಬಿದ ದಿನಾಂಕವನ್ನು ಪರಿಗಣಿಸುತ್ತಾರೆಯೇ?

ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕುವ ನಮಗೂ ಇದು ಅನ್ವಯ. ಕಡೆಯ ದಿನ ರಾತ್ರಿ ಬಟನ್ ಒತ್ತಿ ಮಲಗಬೇಡಿ. ಅರ್ಜಿ ಸಂಖ್ಯೆ ಬಂದಿದೆಯೇ ನೋಡಿ, ಪಿಡಿಎಫ್ ಇಳಿಸಿಕೊಂಡು ಹೆಸರು, ಹುಟ್ಟಿದ ದಿನ ಓದಿ. ನಾನಂತೂ ಈಗ ಪ್ರತಿ ಮುಂಗಾರಿನಲ್ಲಿ ಬೆಳೆ ವಿವರ ತುಂಬಿದ ಮೇಲೆ, ದಾಖಲೆಯಲ್ಲಿ ‘ಮೆಕ್ಕೆಜೋಳ’ ಎಂದು ಬರುವವರೆಗೆ ಆ್ಯಪ್ ತೆಗೆಯುವುದಿಲ್ಲ. ಬಂದಮೇಲೆ ಅಪ್ಪನಿಗೆ ತೋರಿಸುತ್ತೇನೆ. ಅವರು ಕನ್ನಡಕ ಹಾಕಿಕೊಂಡು ಸರ್ವೆ ನಂಬರನ್ನು ಒಂದೊಂದೇ ಅಂಕಿ ಓದಿ, ಆಮೇಲೆ ತಲೆಯಾಡಿಸುತ್ತಾರೆ.